ಮೂಸಬಾರದ ಮೂಗಿಗೊಂದು ಮಾಸ್ಕು

ನನ್ನ ಮೂಗಿನ ವಿಚಾರವನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋವರೆಗಿನ ಯಾವ ಕನ್ನಡಿಗರಾದರೂ ನಿಮಗೆ ಹೇಳಿಯಾರು. ನೋಡುವುದಕ್ಕೆ ಸಾಧಾರಣ ಮೂಗು, ಎಡಗಡೆ ಒಂದು ಪುಟ್ಟ ಮೂಗುತಿ. ಆದರೆ ಪುಡಿಯ ಡಬ್ಬದ ಮುಚ್ಚಳ ತೆಗೆದರೆ ಸಾಕು, ಸೀನು ಬರುತ್ತದೆ. ಒಂದಲ್ಲ, ಏಳು. ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮ ಎದೆಗೆ ಕರ್ಚೀಫು ಸಿಕ್ಕಿಸಿ, ಸೀನಿದ ಕೂಡಲೇ ‘ಎಕ್ಸ್‌ಕ್ಯೂಸ್ ಮಿ’ ಅನ್ನಬೇಕೆಂದು ಕಲಿಸಿದ್ದರು. ಏಳು ಸೀನಿಗೆ ಏಳು ಸಲ ಅನ್ನಬೇಕೋ, ಕೊನೆಗೆ ಒಟ್ಟಾಗಿ ಒಂದು ಸಲ ಅಂದರೆ ಸಾಕೋ ಎಂದು ಕೇಳಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರೇ ಹೊರತು ಉತ್ತರ ಕೊಡಲಿಲ್ಲ.

ಇಂಥ ಮೂಗಿನವಳು ಸಾರಿನ ಪುಡಿ ಜರಡಿ ಹಿಡಿಯುವ ಆಸೆ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡೆ. ಪ್ರತಿವರ್ಷ ಇಲ್ಲಿನ ಕನ್ನಡಿಗರ ಗಣೇಶನ ಹಬ್ಬದ ಊಟಕ್ಕೆ ಬೇಕಾದ ಪುಡಿ ತಯಾರಾಗುವುದು ಸ್ಯಾನ್ ಡಿಯಾಗೋದ ಶಾರದಕ್ಕನ ಗರಾಜಿನಲ್ಲಿ. ಮನೆಯೊಳಗೆ ಮೆಣಸಿನಕಾಯಿ ಹುರಿದರೆ ಸ್ಮೋಕ್ ಅಲಾರಂ ಬೊಬ್ಬೆ ಹಾಕುತ್ತದೆ. ಹಾಗಾಗಿ ಕಾರುಗಳನ್ನು ರಸ್ತೆಗೆ ಅಟ್ಟಿ, ಗರಾಜಿನ ಬಾಗಿಲನ್ನು ಪೂರ್ತಿ ಎತ್ತಿ, ಕ್ಯಾಂಪಿಂಗಿನ ಒಲೆಯ ಮೇಲೆ ಬಾಣಲೆ ಇಟ್ಟು, ನಾಲ್ಕೈದು ಹೆಂಗಸರು ಹುರಿದು, ಪುಡಿಮಾಡಿ, ಜರಡಿ ಹಿಡಿಯುತ್ತೇವೆ. ಉಡುಪಿಯ ಶಾರದಕ್ಕ ಅಲ್ಲಿಯ ಸರ್ವಾಧಿಕಾರಿ. ಅವರ ನಿಯಮ ಒಂದೇ: ದೇವರ ನೈವೇದ್ಯಕ್ಕೆ ಹೋಗುವುದನ್ನು ನಾವು ಮೊದಲು ರುಚಿ ನೋಡಬಾರದು, ಮೂಸಲೂಬಾರದು.

ಒಂದು ವರ್ಷ ನಾನು ತುಂಬಿದ ಜರಡಿಯ ಮೇಲೆಯೇ ಸೀನಿದೆ. ಏಳೂ.

“ಅಯ್ಯೋ ದೇವರೇ! ಎಂತ ಮಾಡಿದ್ದು ಮಾರಾಯ್ತಿ ನೀನು!” ಎಂದರು ಶಾರದಕ್ಕ.

ದೇವರಿಗೆ ಸಲ್ಲದ ಆ ಪುಡಿಯೆಲ್ಲ ನನ್ನ ಜೊತೆ ಲಾಸ್ ಏಂಜಲೀಸಿನ ಪಕ್ಕದ ನಮ್ಮ ಗ್ಲೆಂಡೇಲಿಗೆ ಬಂತು. ಯುಗಾದಿಯವರೆಗೂ ನಮ್ಮ ಮನೆಯಲ್ಲಿ ಅದೇ ಸಾರು. ನನಗೆ ಪೇಪರ್ ಪ್ಲೇಟ್ ಜೋಡಿಸುವ ವಿಭಾಗಕ್ಕೆ ವರ್ಗವಾಯಿತು. ಮರುವರ್ಷ ಫೋನಿನಲ್ಲಿ ಅಂಗಲಾಚಿದೆ: “ಅಕ್ಕ, ಇನ್ನೊಂದೇ ಒಂದು ಚಾನ್ಸ್ ಕೊಡಿ.”

“ನೀನು ಬಾ. ಮೂಗನ್ನು ಮನೆಯಲ್ಲಿ ಬಿಟ್ಟು ಬಾ,” ಎಂದರು.

ಹೀಗೆ ನನ್ನ ಮಾಸ್ಕಿನ ಹುಡುಕಾಟ ಶುರುವಾಯಿತು. ಮೊದಲು ಯಜಮಾನರ ದೊಡ್ಡ ಕರ್ಚೀಫು ಕಟ್ಟಿಕೊಂಡೆ. “ಹೀಗೇ ಬ್ಯಾಂಕಿಗೆ ಮಾತ್ರ ಹೋಗಬೇಡ ಕಣೇ,” ಎಂದರು ಅವರು. ಆಮೇಲೆ ಡಾಕ್ಟರುಗಳ ಕಾಗದದ ಮಾಸ್ಕು ತಂದೆ. ಒಂದು ಸಲ ಹಾಕಿ ಎಸೆಯಬೇಕಂತೆ. ಮೊಸರಿನ ಪ್ಲಾಸ್ಟಿಕ್ ಡಬ್ಬವನ್ನೂ ತೊಳೆದಿಡುವ ನನಗೆ ಎಸೆಯಲು ಕೈ ಬರಲಿಲ್ಲ. ಅದನ್ನೂ ತೊಳೆದೆ, ಬಕೆಟಿನಲ್ಲಿ ಗಂಜಿಯಾಯಿತು. ಮೂರನೆಯದು ನಾನೇ ಬ್ಲೌಸ್ ಪೀಸಿನಲ್ಲಿ ನಾಲ್ಕು ಪದರ ಮಡಚಿ ಹೊಲಿದದ್ದು. ಸೀರೆಗೆ ಮ್ಯಾಚಿಂಗ್, ತೊಳೆದರೆ ಮತ್ತೆ ಹೊಸದು. ಆದರೆ ಉಸಿರು ಬಿಟ್ಟಾಗಲೆಲ್ಲ ಕನ್ನಡಕಕ್ಕೆ ಮಂಜು ಹಿಡಿದು, ಜರಡಿ ಹಾಗಿರಲಿ, ಜರಡಿ ಹಿಡಿದ ಕೈಯೇ ಕಾಣದಾಯಿತು. ಜೈನ ಮುನಿಗಳು ಸಣ್ಣ ಜೀವಿಗಳಿಗೆ ತಮ್ಮಿಂದ ನೋವಾಗದಿರಲೆಂದು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನಾನು ಕಟ್ಟಿಕೊಂಡದ್ದು ಸಾರಿನ ಪುಡಿಗೆ ನನ್ನಿಂದ ನೋವಾಗದಿರಲೆಂದು. ಉದ್ದೇಶ ಅಹಿಂಸೆಯೇ.

ಕೊನೆಗೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಯಾವ ಧೂಳು, ಮರದ್ದೋ ಗೋಡೆಯದ್ದೋ ಎಂದು ಅಲ್ಲಿನ ಅಜ್ಜ ಕೇಳಿದ. ಒಣಮೆಣಸಿನಕಾಯಿಯದು ಎಂದೆ. ಎಷ್ಟು ಎಂದ. ಕೈಯಗಲಿಸಿ ತೋರಿಸಿದೆ. ಆತ ತುಸು ಯೋಚಿಸಿ, ಹೊಲಕ್ಕೆ ಔಷಧಿ ಸಿಂಪಡಿಸುವವರು ಹಾಕಿಕೊಳ್ಳುವ ರಬ್ಬರ್ ಮಾಸ್ಕು ತಂದ. ಎರಡೂ ಕೆನ್ನೆಗೆ ಗಾಳಿ ಸೋಸುವ ಒಂದೊಂದು ಡಬ್ಬಿ. ರಬ್ಬರನ್ನು ತೊಳೆಯಬಹುದು, ಡಬ್ಬಿ ಬದಲಾಯಿಸಬಹುದು. ವಾಸನೆ ಒಳಗೆ ಬಂದರೆ ಮಾಸ್ಕು ಸರಿಯಿಲ್ಲವೆಂದೇ ಅರ್ಥ ಎಂದು ಒತ್ತಿ ಹೇಳಿದ. ಲಾಂಗ್ ಬೀಚಿನ ಬಂದರಿನಲ್ಲಿ ಎಂಜಿನಿಯರ್ ಆಗಿರುವ ನಮ್ಮವರು ಮನೆಯಲ್ಲಿ ತಪಾಸಣೆ ಮಾಡಿದರು: “ಡಬ್ಬಿ ಎರಡನ್ನೂ ಅಂಗೈಲಿ ಮುಚ್ಚಿ ಉಸಿರೆಳ್ಕೋ. ಮುಖಕ್ಕೆ ಕಚ್ಚಿಕೊಳ್ತಾ? ಫಿಟ್ಟೇ ಮುಖ್ಯ, ಉಳಿದಿದ್ದೆಲ್ಲ ಆಮೇಲೆ.” ಕಚ್ಚಿಕೊಂಡಿತು, ಮೂಗುತಿ ಬೇರೆ ಚುಚ್ಚಿತು. ಮಾಸ್ಕಿನ ಪಟ್ಟಿಗಳನ್ನು ತುರುಬಿನ ಮೇಲೊಂದು, ಕೆಳಗೊಂದು ಎಳೆದುಕೊಂಡೆ. ಮಗಳು ತಲೆಯೆತ್ತಿ, “ಅಮ್ಮಾ, ಯು ಲುಕ್ ಲೈಕ್ ಎ ಫ್ಲೈ,” ಅಂದು ಮತ್ತೆ ಟೀವಿ ನೋಡತೊಡಗಿದಳು.

ಶನಿವಾರ ಬೆಳಿಗ್ಗೆ ಮ್ಯಾಪ್ ಪುಸ್ತಕವನ್ನು ಪಕ್ಕದ ಸೀಟಿಗೆ ಹಾಕಿ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಗರಾಜಿನಲ್ಲಿ ನೊಣದ ಅವತಾರ ತಾಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಕೆಮ್ಮುತ್ತ, ಕಣ್ಣೊರೆಸುತ್ತ ರಸ್ತೆಗೆ ಓಡಿದಾಗ ಕೆಂಪು ಧೂಳಿನ ನಡುವೆ ನಿಂತು ಜರಡಿ ಆಡಿಸಿದವಳು ನಾನೊಬ್ಬಳೇ. ಒಂದು ಸೀನೂ ಇಲ್ಲ! ಶಾರದಕ್ಕ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಇದು ಹಾಕಿದರೆ ಪರಿಮಳವೂ ಬರುವುದಿಲ್ಲವಾ?”

ಇಲ್ಲವೆಂದು ತಲೆಯಾಡಿಸಿದೆ.

“ನೋಡಿ, ದೇವರ ಕೆಲಸಕ್ಕೆ ಹೀಗಿರಬೇಕು. ಮೂಸುವ ಪ್ರಶ್ನೆಯೇ ಇಲ್ಲ! ಇಕಾ, ಕೊತ್ತಂಬರಿ ನೀನೇ ಹುರಿ,” ಎಂದು ಸಟ್ಟುಗವನ್ನು ನನ್ನ ಕೈಗಿಟ್ಟು ಎಲ್ಲರನ್ನೂ ಕಾಫಿಗೆ ಒಳಗೆ ಕರೆದೊಯ್ದರು.

ಪೇಪರ್ ಪ್ಲೇಟಿನಿಂದ ಬಾಣಲೆಗೆ ಬಡ್ತಿ! ನಾನು ಭಕ್ತಿಯಿಂದ ಹುರಿದೆ. ಘಮ್ಮೆಂದಾಗ ಇಳಿಸುವುದೆಂದು ಕಾದೆ. ಘಮ್ಮೆನ್ನಲಿಲ್ಲ. ಇನ್ನೂ ಹುರಿದೆ. ಬೀಜ ಕಂದಾಯಿತು, ಕಡುಕಂದಾಯಿತು. ಮೂಗು ಹೇಳದೆ ಇಳಿಸಿ ನನಗೆ ಅಭ್ಯಾಸವಿಲ್ಲ. ಇನ್ನೂ ಹುರಿದೆ.

“ಕೊತ್ತಂಬರಿ ಸೀಯ್ತಾ ಉಂಟು!” ಅಡುಗೆಮನೆ ದಾಟಿ, ಹಾಲ್ ದಾಟಿ, ಕಾಫಿ ಲೋಟದ ಸಮೇತ ಶಾರದಕ್ಕ ಓಡಿಬಂದರು. ಅಷ್ಟರಲ್ಲಿ ಬಾಣಲೆಯ ತುಂಬ ಇದ್ದಿಲು.

ನಾನು ಮಾಸ್ಕು ಎಳೆದುಹಾಕಿದೆ. ಮತ್ತೆ ಪ್ಲೇಟು ಜೋಡಿಸುವುದೇ ಗತಿಯೆಂದು ಗೊತ್ತಿತ್ತು. ಆದರೂ ಕಾನ್ವೆಂಟಿನ ಹಳೆಯ ಚಾಳಿ, ಪ್ರಶ್ನೆ ಬಾಯಿಂದ ಜಾರಿತು. “ಅಕ್ಕ, ನೀವು ಮೂಸೋದೇ ಇಲ್ವಲ್ಲ. ಒಳಗೆ ಕೂತು ಹೇಗೆ ಗೊತ್ತಾಯ್ತು?”

ಶಾರದಕ್ಕ ಲೋಟ ಕೆಳಗಿಟ್ಟರು.

“ಮೂಸಿದ್ದು ಯಾರು? ನಾನು ಮೂಸ್ಲಿಕ್ಕೆ ಹೋಗ್ಲಿಲ್ಲ. ಅದೇ ಬಂತು. ಬಂದದ್ದಕ್ಕೆ ನಾನೆಂತ ಮಾಡ್ಲಿಕ್ಕಾಗ್ತದೆ?” ಎಂದರು. ಆಮೇಲೆ ಅವರಿಗೇ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಜರಡಿ ನನ್ನಲ್ಲೇ ಉಳಿಯಿತು. ಅಂದಿನಿಂದ ಜರಡಿ ಹಿಡಿಯುವಾಗ ನೊಣವಾಗುತ್ತೇನೆ. ಕೊತ್ತಂಬರಿ ಹುರಿಯುವ ಸರದಿ ಬಂದಾಗ ಮಾಸ್ಕು ತೆಗೆದು, ಬಾಣಲೆಗೆ ಅರ್ಧ ಬೆನ್ನು ಹಾಕಿ, ಎದುರುಮನೆಯ ಗುಲಾಬಿ ನೋಡುತ್ತ ಏನೂ ಗೊತ್ತಿಲ್ಲದವಳಂತೆ ನಿಲ್ಲುತ್ತೇನೆ. ಪರಿಮಳ ತಾನಾಗಿಯೇ ಬರುತ್ತದೆ. ಇದರಲ್ಲಿ ಅಪಚಾರವೇನೂ ಇಲ್ಲವೆಂದು ನನ್ನ ನಂಬಿಕೆ. ಅಷ್ಟುದ್ದದ ಸೊಂಡಿಲು ಇಟ್ಟುಕೊಂಡ ದೇವರಿಗಿಂತ ಮೊದಲು ಮೂಸುವುದು ನಮ್ಮಂಥ ಮೋಟು ಮೂಗಿನವರಿಂದ ಆದೀತೇ?