ಖಾರ ಹಚ್ಚದ ಒಂದು ಮೊಟ್ಟೆ

ಕಳೆದ ಭಾನುವಾರ ಮಗಳು ಹಜಾರದಲ್ಲಿ ಕೂತು ಹತ್ತಿಯಿಂದ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ರಿಮೂವರಿನ ಚುರುಕು ವಾಸನೆ ಅಡುಗೆಮನೆಯವರೆಗೂ ಬಂತು. ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಒಬ್ಬಳೇ ನಗತೊಡಗಿದೆ. ಈ ಜೋಡಿ ವಾಸನೆ ಬೇರೆ ಯಾರಿಗೂ ಹಿತವೆನಿಸಲಾರದು. ನನಗೆ ಮಾತ್ರ ಅದರಿಂದ ನಮ್ಮ ಫಿಸಿಕ್ಸ್ ಮೇಡಂ ನೆನಪಾಗುತ್ತಾರೆ...

ತೊಂಬತ್ತರ ದಶಕದ ಕೊನೆ. ಭದ್ರಾವತಿಯ ಕ್ವಾರ್ಟರ್ಸಿನಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಪಿಯುಸಿ ಓದುತ್ತಿದ್ದೆ. ಮೇಡಂ ಆಗಷ್ಟೇ ಎಂ.ಎಸ್ಸಿ. ಮುಗಿಸಿ, ಒಂದು ವರ್ಷದ ಮಟ್ಟಿಗೆ ನಮ್ಮ ಕಾಲೇಜಿಗೆ ಬಂದಿದ್ದವರು. ಸೆರಗಿನ ತುಂಬ ಚಾಕ್‌ಪುಡಿ, ಕಾರಿಡಾರಿನ ಆ ತುದಿಗೆ ಕೇಳುವಷ್ಟು ಗಟ್ಟಿ ನಗು. ಪಾಠ ಮಾಡುತ್ತಾ ಮಾಡುತ್ತಾ ಸಿಲಬಸ್ಸಿನ ಬೇಲಿ ಹಾರುವುದು ಅವರ ಸ್ವಭಾವ. ವಾಪಸ್ ಕರೆತರಲು ನಮಗೂ ಮನಸ್ಸಿರುತ್ತಿರಲಿಲ್ಲ.

ಒಂದು ದಿನ ಪಾಠ ಸೋಪಿನ ನೀರಿನಿಂದ ಜೀವಕೋಶಕ್ಕೆ ಹಾರಿತು. ಕೋಶದ ಸುತ್ತಲಿನ ಪೊರೆಯನ್ನು ಯಾರೂ ಕೂತು ಹೆಣೆಯುವುದಿಲ್ಲ, ಅದು ತಾನೇ ತಾನಾಗಿ ಕಟ್ಟಿಕೊಳ್ಳುತ್ತದೆ ಎಂದರು. ಅದರ ಅಣುವಿಗೆ ಒಂದು ತಲೆ, ಎರಡು ಬಾಲವಂತೆ. ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರು ಕಂಡರಾಗದು. ನೀರು ತಾಗಿದ ಕೂಡಲೇ ಬಾಲಗಳೆಲ್ಲ ಒಳಗೆ ಅಡಗಿ, ತಲೆಗಳು ಹೊರಗೆ ಉಳಿದು, ಎರಡು ಸಾಲಾಗಿ ನಿಂತುಬಿಡುತ್ತವೆ. ಪೊರೆ ಎಂದರೆ ಅಷ್ಟೇ. ನಾವು ನಂಬಲಿಲ್ಲ.

"ಗಾಂಧಿ ಬಜಾರಲ್ಲಿ ದಿಢೀರಂತ ಮಳೆ ಬಂದ್ರೆ ಜನ ಅಂಗಡಿ ಶೀಟಿನ ಕೆಳಗೆ ಸಾಲಾಗಿ ನಿಲ್ತಾರಲ್ಲ, ಪೊಲೀಸ್ ಬಂದು ನಿಲ್ಲಿಸ್ತಾನೇನ್ರೇ?" ಎಂದರು ಮೇಡಂ.

"ನೀವು ಅದನ್ನ ನೋಡಿದೀರಾ ಮೇಡಂ?" ಎಂದೆ. ನನ್ನ ಬಾಯಿ ಆಗಲೂ ಸ್ವಲ್ಪ ಜೋರೇ.

ಮೇಡಂ ಕೈಯ ಚಾಕ್ ನಿಂತಿತು. "ಇಲ್ಲ ಕಣೇ. ಓದಿದ್ದೇ ಬಂತು. ಒಂದ್ಸಲನಾದ್ರೂ ಕಣ್ಣಾರೆ ನೋಡ್ಬೇಕು ಅಂತ ಆಸೆ."

ಆ ಆಸೆ ನಮಗೂ ಅಂಟಿಕೊಂಡಿತು. ಆದರೆ ವರ್ಷ ಮುಗಿಯುತ್ತಾ ಬಂದಿತ್ತು. ಮೇಡಂ ಊರು ಬಿಟ್ಟು ಹೋಗುವವರಿದ್ದರು, ಮುಂದೆ ಮೈಕ್ರೋಸ್ಕೋಪ್ ಕೈಗೆ ಸಿಗುವ ಭರವಸೆ ಅವರಿಗೇ ಇರಲಿಲ್ಲ. ಕಾಲೇಜಿನಲ್ಲಿದ್ದ ಮೈಕ್ರೋಸ್ಕೋಪನ್ನು ಬಯಾಲಜಿ ಸರ್ ಮನೆದೇವರಂತೆ ಬೀಗ ಹಾಕಿ ಇಟ್ಟಿದ್ದರು. ಕಾಡಿ ಬೇಡಿದ ಮೇಲೆ ಕೊನೆಯ ವಾರದ ಒಂದು ಶನಿವಾರ ಮಧ್ಯಾಹ್ನಕ್ಕೆ ಮಾತ್ರ ಕೊಡಲು ಒಪ್ಪಿದರು.

ಆ ಎರಡು ಬಾಲದ ಅಣು ಮೊಟ್ಟೆಯ ಹಳದಿಯಲ್ಲಿತ್ತು. ಮೇಡಂ ಇದ್ದದ್ದು ಆಲ್ಕೊಳದ ಒಂದು ಮಹಡಿ ಮನೆಯಲ್ಲಿ. ಓನರಮ್ಮ ಮೊಟ್ಟೆ ಎಂಬ ಮಾತನ್ನೂ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಹಾಗಾಗಿ ಬೇಯಿಸಿದ ಮೊಟ್ಟೆ ತರುವ ಹೊಣೆ ನನ್ನ ತಲೆಗೆ ಬಂತು. ಶನಿವಾರದ ಬಸ್ಸು ಮಾಚೇನಹಳ್ಳಿ ದಾಟುವಷ್ಟರಲ್ಲಿ ನನ್ನ ಡಬ್ಬಿ ತನ್ನ ಗುಣ ತೋರಿಸಿತು. "ಯಾರ್ ಮಾರಾಯ್ತಿ ಮೊಟ್ಟೆ ಬಿಚ್ಚಿದ್ದು?" ಎಂದು ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಲ್ಯಾಬಿನಲ್ಲಿ ಎಲ್ಲರೂ ಸುತ್ತುವರಿದಿದ್ದರು. ಡಬ್ಬಿ ತೆರೆದೆ. ಅಮ್ಮ ಪ್ರತಿ ಮೊಟ್ಟೆಯನ್ನೂ ಸುಲಿದು, ಎರಡು ಹೋಳು ಮಾಡಿ, ಉಪ್ಪು ಖಾರ ಹಚ್ಚಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ಕಳಿಸಿದ್ದಳು! ಪ್ರಯೋಗಕ್ಕೆ ಎಂದು ಸಾರಿ ಸಾರಿ ಹೇಳಿದ್ದೆ. ಆದರೆ ಮೇಡಂಗೆ ಬೋಳು ಮೊಟ್ಟೆ ಕಳಿಸುವುದುಂಟೇ? ಅಮ್ಮನ ಮರ್ಯಾದೆಯ ಪ್ರಶ್ನೆ ಅದು.

ನನಗೆ ಅಳು ಬಂತು. ಮೇಡಂ ಮಾತ್ರ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಎಷ್ಟು ತಿಂಗಳಾಯ್ತೇ ತಿಂದು! ಪೊರೆ ಹಾಳಾಗ್ ಹೋಗ್ಲಿ, ನಿಮ್ಮಮ್ಮನ ಕೈ ಚಂದ ಇದೆ." ಹೋಳುಗಳು ಖಾಲಿಯಾದಾಗ ಡಬ್ಬಿಯ ತಳದಲ್ಲಿ ಚಿಪ್ಪು ಬಿಡಿಸದ ಒಂದು ಮೊಟ್ಟೆ ಕಂಡಿತು. ನನಗೆ ಖಾರ ಆಗದೆಂದು ಅಮ್ಮ ಬೇರೆಯಾಗಿ ಇಟ್ಟ ನನ್ನ ಪಾಲು. ಇಡೀ ಲ್ಯಾಬು ಹೋ ಎಂದಿತು.

ಹಳದಿಯನ್ನು ಪುಡಿ ಮಾಡಿ, ಉಗುರಿನ ಬಣ್ಣ ತೆಗೆಯುವ ಅದೇ ಅಸಿಟೋನಿನಲ್ಲಿ ತೊಳೆದರು, ಬೇಡದ ಜಿಡ್ಡು ಹೋಗಲೆಂದು. ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ಕಲಸಿ ಸೋಸಿ, ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿದರು. ಕೊನೆಗೆ ಅಂಚಿಗೆ ಒಂದು ತೊಟ್ಟು ನೀರು. ಮೊದಲು ನೋಡಿದ್ದು ನಾನು. ಸತ್ತಂತೆ ಬಿದ್ದಿದ್ದ ಹಳದಿ ಕಲೆಯ ಅಂಚಿನಿಂದ ಪಾರದರ್ಶಕ ಬೆರಳುಗಳು ಹೊರಟವು. ಬೆಳೆದವು, ಬಾಗಿದವು, ಒಂದಕ್ಕೊಂದು ಸುತ್ತಿಕೊಂಡವು. ಅದರಲ್ಲಿ ಜೀವವಿರಲಿಲ್ಲ. ಆದರೂ ಜೀವ ಹೀಗೇ ಶುರುವಾಗಿರಬೇಕು ಎನ್ನಿಸಿ ಮೈ ಜುಮ್ಮೆಂದಿತು.

ಹುಡುಗಿಯರ ಸಾಲು ಮುಗಿಯಲೇ ಇಲ್ಲ. ಆಸೆಪಟ್ಟ ಮೇಡಂ ಎಲ್ಲರನ್ನೂ ಮುಂದೆ ಬಿಟ್ಟು ಹಿಂದೆ ನಿಂತಿದ್ದರು. ಅಷ್ಟರಲ್ಲಿ ಬಯಾಲಜಿ ಸರ್ ಬೀಗದ ಕೈ ಝಣಝಣಿಸುತ್ತಾ ಬಂದರು. ಗಾಜಿನ ಮೇಲಿನ ಕಲೆ ಆಗಲೇ ಅಲುಗಾಡದೆ ನಿಂತಿತ್ತು. "ಮೇಡಂ, ನೀವು ನೋಡಿ!" ಎಂದು ಅವರ ತೋಳು ಹಿಡಿದು ಎಳೆದೆ. ಇನ್ನೊಬ್ಬಳು ಗಾಜನ್ನು ಸರಿಸಿ, ನೀರು ತಾಗದ ಕಡೆಗೆ ಹೊಸದಾಗಿ ಒಂದು ತೊಟ್ಟು ಬಿಟ್ಟಳು. ಮೇಡಂ ಬಗ್ಗಿದರು. ಕಣ್ಣು ಕೀಳದೆ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಚಿಕ್ಕ ಮಗುವಿನ ದನಿಯಲ್ಲಿ, "ಬಂತು ಮಾರಾಯ್ತಿ... ತಾನಾಗೇ ಬಂತು!" ಎಂದರು. ಬೀಗದ ಕೈ ಹಿಡಿದೇ ನಿಂತಿದ್ದ ಸರ್ ಕೂಡ ಆಮೇಲೆ ಕಣ್ಣಿಟ್ಟರು, ಮತ್ತೆ ಬಹಳ ಹೊತ್ತು ಬೀಗದ ಮಾತೆತ್ತಲಿಲ್ಲ.

ಮೇಡಂ ಕಳೆದ ವರ್ಷ ತೀರಿಕೊಂಡರಂತೆ. ಹಳೆಯ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು. ಆ ಬೇಸಗೆಯ ನಂತರ ನಾನು ಅವರನ್ನು ಒಮ್ಮೆಯೂ ನೋಡಲಿಲ್ಲ... ಹೋಗಿ ನೋಡಬಹುದಿತ್ತು.

ಭಾನುವಾರ ಒಲೆಯಿಂದ ಒಂದು ಮೊಟ್ಟೆ ತೆಗೆದೆ. ರಿಮೂವರ್ ಮಗಳದೇ, ಅವಳ ಪುಟ್ಟ ಮೈಕ್ರೋಸ್ಕೋಪೂ ಇತ್ತು. ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದೆ. ಸಂಜೆಯ ಹೊತ್ತಿಗೆ ಗಾಜಿನ ಮೇಲೆ ನೀರು ಬಿದ್ದು ಮೊದಲ ಬೆರಳು ಚಿಗುರಿತು. ನೋಡುತ್ತಿದ್ದ ನಾನು ಥಟ್ಟನೆ ತಲೆಯೆತ್ತಿ ಪಕ್ಕಕ್ಕೆ ಸರಿದೆ.

ಮಗಳು ನಿಂತಿದ್ದದ್ದು ನಾನು ಸರಿದ ಕಡೆಯೇ. ಖಾಲಿ ಜಾಗ ನೋಡಿ ಕೇಳಿದಳು, "ಅಲ್ಲಿ ಯಾರಿಗೆ ಜಾಗ ಬಿಟ್ಟೆ ಅಮ್ಮ?"