ಮುಂದಿನ ಸಾಲಿನ ಕುರ್ಚಿಗಾಗಿ ಮೂರು ಡಬ್ಬಿ

ಬೇಗಂ ಬಜಾರಿನ ಅಂಗಡಿಗಳ ಶಟರುಗಳು ಇನ್ನೂ ಮೇಲೆದ್ದಿಲ್ಲ. ಓಣಿಯ ಕೊನೆಯ ಗೋದಾಮಿನಲ್ಲಿ ಒಂದೇ ಬಲ್ಬಿನ ಕೆಳಗೆ ಅಮರೇಶಪ್ಪ ನಿಂತಿದ್ದಾರೆ. ಎದುರಿಗೆ ಒಂದು ಹಳೆಯ ಮರದ ಪೆಟ್ಟಿಗೆ, ಪಕ್ಕದಲ್ಲಿ ಮೂರು ಹೊಸ ಕಬ್ಬಿಣದ ಡಬ್ಬಿಗಳು. ಯಾವುದನ್ನು ಒಯ್ಯುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಹೊರಗೆ ಟ್ರಾಲಿ ಆಟೋದವನು ಆಗಲೇ ಎರಡನೆಯ ಬೀಡಿ ಹಚ್ಚಿದ್ದಾನೆ. ಸೊಸೆಗೆ ಸೀರೆ ಆರಿಸುವ ಅತ್ತೆ ಕೂಡ ಇಷ್ಟು ಹೊತ್ತು ತೆಗೆದುಕೊಳ್ಳಲಿಕ್ಕಿಲ್ಲ!

ಸಭೆ ಸಮಾರಂಭಗಳಲ್ಲಿ ಜನರೇಟರಿನ ಕರೆಂಟನ್ನು ಮೈಕಿಗಿಷ್ಟು, ದೀಪಕ್ಕಿಷ್ಟು, ಊಟದ ಸ್ಟಾಲಿಗಿಷ್ಟು ಎಂದು ಹಂಚಿಕೊಡುವುದು ಇವರ ಕಸುಬು. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು, ಗೋಡೆಯೊಳಗೆ ವೈರು ಎಳೆಯುತ್ತ ಎಳೆಯುತ್ತ ಈ ದಾರಿ ಹಿಡಿದರು. ಈಗಂತೂ ಕೊಂಡಾಪುರದ ಕಡೆ ವಾರಕ್ಕೊಂದು ಹೊಸ ಕಂಪನಿ, ಕಂಪನಿಗೊಂದು ಜಾತ್ರೆಯಂಥ ವಾರ್ಷಿಕೋತ್ಸವ. ಅಮರೇಶಪ್ಪನವರಿಗೆ ಕೈತುಂಬ ಕೆಲಸವಿದೆ. ಆದರೆ ಒಂದೇ ಒಂದು ಕಾರ್ಯಕ್ರಮವನ್ನೂ ಅವರು ಎದುರಿಗೆ ಕೂತು ನೋಡಿಲ್ಲ.

"ಕುಣಿತ ಅಂದ್ರ ನನಗ ಸ್ಟೇಜಿನ ಹಲಗಿ ಮ್ಯಾಲಿನ ಧಡಧಡ ಸಪ್ಪಳ ಅಷ್ಟ ರಿ. ಕುಣಿದವರು ಗಂಡೋ ಹೆಣ್ಣೋ ದೇವರಿಗೆ ಗೊತ್ತು" ಎಂದು ನಗುತ್ತಾರೆ.

ಕಾರಣ, ಕರೆಂಟು ಹಂಚುವ ಆ ಮರದ ಪೆಟ್ಟಿಗೆ. ತಮ್ಮ ಕೈಯಾರೆ ಮಾಡಿದ್ದು. ಮೈಕು, ದೀಪ, ಸ್ಟಾಲು ಎಲ್ಲಕ್ಕೂ ಸೇರಿ ಅದಕ್ಕಿರುವುದು ಒಂದೇ ಫ್ಯೂಸು. ಜೇಬಿನಲ್ಲಿ ಫ್ಯೂಸಿನ ತಂತಿ ಇಟ್ಟುಕೊಂಡು, ಆಗಾಗ ಮುಂಗೈ ತಾಗಿಸಿ ಬಿಸಿ ನೋಡುತ್ತ, ವೇದಿಕೆಯ ಹಿಂದೆ ಅದರ ಪಕ್ಕದಲ್ಲೇ ಕೂತಿರಬೇಕು.

ಎರಡು ವರ್ಷದ ಹಿಂದೆ ಕೋಠಿಯ ಬಳಿ ಕನ್ನಡಿಗರ ಒಂದು ಸಭೆ. ಮಗಳು ಶಾಂಭವಿ ಮೊದಲ ಸಲ ಮೈಕಿನ ಮುಂದೆ ನಿಂತು, ತಾಯಿ ಗುಂಡಮ್ಮನಿಂದ ಕಲಿತ ಬೀಸುವ ಪದ ಎತ್ತಿಕೊಂಡಿದ್ದಳು. ಅದೇ ಹೊತ್ತಿಗೆ ಚಹಾದವನು ಖಾಲಿ ಕಂಡ ಸಾಕೆಟ್ಟಿಗೆ ತನ್ನ ಬಾಯ್ಲರಿನ ಪಿನ್ನು ಚುಚ್ಚಿದ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ಫ್ಯೂಸು ಸುಟ್ಟು ಸಭೆಗೆ ಸಭೆಯೇ ಕತ್ತಲಾಯಿತು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಅಪ್ಪ ತಡಕಾಡಿ ತಂತಿ ಕಟ್ಟಿ ದೀಪ ಹತ್ತಿಸುವಷ್ಟರಲ್ಲಿ ಮಗಳು ಕೆಳಗಿಳಿದು ಹೋಗಿದ್ದಳು. ಆಮೇಲೆ ಅವಳು ಹಾಡಿದ್ದೆಲ್ಲ ಅಡುಗೆಮನೆಯಲ್ಲೇ.

"ಆಕಿ ನನಗ ಒಂದು ಮಾತು ಅನ್ನಲಿಲ್ಲ ನೋಡ್ರಿ. ಬೈದಿದ್ರ ಬೇಸಿತ್ತು" ಎನ್ನುವಾಗ ಅವರ ದನಿ ಇಳಿಯುತ್ತದೆ.

ಇವತ್ತು ಸಂಜೆ ಕೊಂಡಾಪುರದಲ್ಲಿ ಕನ್ನಡದ ನೌಕರರ ರಾಜ್ಯೋತ್ಸವ. ಸಂಘಟಕ ಸೂರ್ಯಕಾಂತ ಬೆನ್ನು ಬಿದ್ದು ಶಾಂಭವಿಯನ್ನು ಒಪ್ಪಿಸಿದ್ದಾರೆ. ಅವಳದು ಒಂದೇ ಷರತ್ತು, ಅಪ್ಪ ಮುಂದಿನ ಸಾಲಿನಲ್ಲಿ ಕೂತಿರಬೇಕು. ಹೊಸ ಡಬ್ಬಿಗಳಿದ್ದರೆ ಅದು ಆಗದ ಮಾತೇನಲ್ಲ. ಮೈಕಿಗೊಂದು, ದೀಪಕ್ಕೊಂದು, ಸ್ಟಾಲಿಗೊಂದು. ಲೋಡು ಹೆಚ್ಚಾಗಿ ಒಂದರ ಸ್ವಿಚ್ಚು ತಾನಾಗಿ ಬಿದ್ದರೂ ಉಳಿದೆರಡು ನಡೆಯುತ್ತಲೇ ಇರುತ್ತವೆ. ಆದರೂ ಕೈ ಮರದ ಪೆಟ್ಟಿಗೆಯ ಕಡೆಗೇ ಹೋಗುತ್ತದೆ. ತಾವು ಕಾವಲು ಕೂರದ ಕರೆಂಟನ್ನು ಅವರು ಇಂದಿನವರೆಗೆ ನಂಬಿದವರಲ್ಲ.

ಬುತ್ತಿ ಹಿಡಿದು ಬಂದ ಗುಂಡಮ್ಮ ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಪೆಟಿಗಿ ಕಾಯ್ತೀರೋ, ಮಗಳ ಹಾಡು ಕೇಳ್ತೀರೋ? ಒಂದು ಆರಿಸ್ರಿ."

ಮೂರು ಡಬ್ಬಿಗಳು ಆಟೋ ಏರುತ್ತವೆ.

ಕೊಂಡಾಪುರದ ಬಯಲಿನಲ್ಲಿ ಅಮರೇಶಪ್ಪ ಮೊದಲು ಮೂಲೆಯಲ್ಲಿ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಅರ್ತಿಂಗ್ ಸಲಾಕೆ ಹೂಳಿ, ಅದರ ಬುಡಕ್ಕೆ ಒಂದು ಕೊಡ ನೀರು ಹೊಯ್ಯುತ್ತಾರೆ. ನೆಲ ಕುಡಿದ ಮೇಲೆಯೇ ತಾವು ಕುಡಿಯುವುದು, ಇದು ಅವರ ಹಳೆಯ ನೇಮ. ಸ್ಟಾಲಿನ ಡಬ್ಬಿ ದೂರ ಹೋಗುತ್ತದೆ. ವೇದಿಕೆಯ ಎರಡು ಡಬ್ಬಿಗಳಿಗೂ ದಪ್ಪ ದುಂಡು ಪಿನ್ನಿನ ಸಾಕೆಟ್ಟು ಹಾಕಿಸಿದ್ದಾರೆ. ಚಹಾದವನು ತಲೆಕೆಳಗಾಗಿ ನಿಂತರೂ ಅವನ ಪಿನ್ನು ಅಲ್ಲಿ ಹೋಗುವಂತಿಲ್ಲ. ಅದನ್ನು ತೋರಿಸುವಾಗ ಅವರ ಮುಖ ನೋಡಬೇಕು!

ಸಂಜೆ. ಇಸ್ತ್ರಿ ಅಂಗಿ ತೊಟ್ಟ ಅಮರೇಶಪ್ಪ ಮುಂದಿನ ಸಾಲಿನಲ್ಲಿದ್ದಾರೆ, ಕುರ್ಚಿಯ ತುದಿಯಲ್ಲಿ. ಜೇಬಿನಲ್ಲಿ ಯಾತಕ್ಕೂ ಬೇಡವಾದ ಫ್ಯೂಸಿನ ತಂತಿ. ಶಾಂಭವಿ ಪದ ಎತ್ತಿಕೊಳ್ಳುತ್ತಾಳೆ. ಒಂದು ನುಡಿ ಮುಗಿದು ಎರಡನೆಯದು ಶುರುವಾಗಿದೆ, ಅಷ್ಟರಲ್ಲಿ ಹಿಂದೆ ಊಟದ ಸ್ಟಾಲುಗಳೆಲ್ಲ ಕತ್ತಲು. ಬಾಯ್ಲರಿನ ಜೊತೆ ಪಾಪ್‌ಕಾರ್ನ್ ಯಂತ್ರವನ್ನೂ ಯಾರೋ ಹಚ್ಚಿದ್ದಾರೆ.

ಅಮರೇಶಪ್ಪ ಎದ್ದೇಬಿಡುತ್ತಾರೆ. ಗುಂಡಮ್ಮ ಅವರ ಅಂಗಿಯ ಚುಂಗು ಹಿಡಿದು ಮೆಲ್ಲಗೆ ಅನ್ನುತ್ತಾರೆ: "ಜನ ಚಹಾ ಆಮ್ಯಾಲೆ ಕುಡೀತಾರ. ಕುಂದರ್ರಿ."

ವೇದಿಕೆಯ ದೀಪಗಳು ಮಾತ್ರ ಒಂದಿಷ್ಟೂ ಅಲುಗದೆ ಉರಿಯುತ್ತಿವೆ. ಹಿಂದಿನ ಕತ್ತಲನ್ನು ಶಾಂಭವಿಯೂ ಕಂಡಿದ್ದಾಳೆ. ಕ್ಷಣ ಅಳುಕಿದ ದನಿಯನ್ನು ಅಪ್ಪನತ್ತ ನೋಡಿ ಮತ್ತೆ ಏರಿಸುತ್ತಾಳೆ. ಅವರು ಕೂತುಕೊಳ್ಳುತ್ತಾರೆ, ಈ ಸಲ ಕುರ್ಚಿಗೆ ಪೂರ್ತಿ ಒರಗಿ. ಕಣ್ಣು ಒದ್ದೆಯಾಗಿದೆ, ಒರೆಸಿಕೊಳ್ಳುವ ಗೊಡವೆಗೆ ಹೋಗುವುದಿಲ್ಲ.

ಪದ ಮುಗಿದು ಚಪ್ಪಾಳೆ ನಿಂತ ಮೇಲೆಯೇ ಸ್ಟಾಲಿನ ಕಡೆ ನಡೆದು, ಬಿದ್ದ ಸ್ವಿಚ್ಚು ಎತ್ತುತ್ತಾರೆ. ಚಹಾದವನಿಗೆ ಸಿಟ್ಟು ನೆತ್ತಿಗೇರಿದೆ. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ದಬಾಯಿಸುತ್ತಾನೆ.

"ನನ್ನ ಮಗಳು ಹಾಡಾಕತ್ತಿದ್ಲಪಾ," ಎನ್ನುತ್ತಾರೆ ಅಮರೇಶಪ್ಪ. "ಮುಂದ ಕುಂತು ಕೇಳಾಕತ್ತಿದ್ದೆ."