ಹಿಡಿಯಕ್ಕ ಕೆಳಗಿಳಿಸಿದ ಅಕ್ಕಿ

ಆ ಬೀದಿಯ ಅಗ್ಗದಂಗಡಿಗೆ ಅಂದವೆಂಬುದೇ ಇರಲಿಲ್ಲ. ರಟ್ಟಿನ ಪೆಟ್ಟಿಗೆಗಳ ಮುಂಭಾಗ ಸೀಳಿ ಒಂದರ ಮೇಲೊಂದು ಪೇರಿಸಿದರೆ ಅದೇ ಕಪಾಟು. ನೆಲ ಬರಿಯ ಸಿಮೆಂಟು. ಹಾಡಿಲ್ಲ, ತಂಪು ಗಾಳಿಯಿಲ್ಲ, ಕೈಚೀಲವನ್ನೂ ಮನೆಯಿಂದಲೇ ತರಬೇಕು. ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ದೊಡ್ಡಂಗಡಿ. ಅಲ್ಲಿಂದ ಹೊರಬರುವವರು ಇತ್ತ ನೋಡಿದರೆ ಮೂಗು ತಾನಾಗಿಯೇ ಮುರಿಯುತ್ತಿತ್ತು. ಮುರಿದರೆ ಮುರಿಯಲಿ, ಅಗ್ಗದಂಗಡಿಯಲ್ಲಿ ಹಿಡಿಯಕ್ಕ ಇದ್ದಳು.

ಹೆತ್ತವರು ಇಟ್ಟ ಹೆಸರು ಬೇರೆ. ಅದು ಸಂಬಳದ ಚೀಟಿಗಷ್ಟೇ. ಅವಳ ತಾಯಿ ಒಂದು ಹಾಸ್ಟೆಲಿನಲ್ಲಿ ಅಕ್ಕಿ ಆರಿಸುವವಳು. ಮಗಳು ಆ ಮೊರದ ಪಕ್ಕದಲ್ಲೇ ಬೆಳೆದಳು. ಅಂಗಡಿ ಸೇರಿದ ಮೇಲೂ ಕೈ ಸುಮ್ಮನಿರಲಿಲ್ಲ. ಲಾರಿಯಿಂದ ಹೊಸ ಸರಕು ಇಳಿದಾಗಲೆಲ್ಲ ಒಂದು ಚೀಲ ಬಿಚ್ಚುವಳು, ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರವಿ ಬಾಗಿಲ ಬೆಳಕಿಗೆ ಹಿಡಿಯುವಳು. ಆಮೇಲೆ ಮೂಸುವಳು. ಆಮೇಲೆ ನಾಲ್ಕು ಕಾಳು ಬಾಯಿಗೆ. ಹೀಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಬಿಚ್ಚಿದ ಚೀಲವನ್ನು ಎಲ್ಲರಿಗೂ ಕಾಣುವಂತೆ ಮುಂದೆಯೇ ಇಡುತ್ತಿದ್ದಳು. ಜನ ಅವಳನ್ನು ಹಿಡಿಯಕ್ಕ ಎಂದು ಕರೆದದ್ದು ಹಾಗೆ.

ಹೊಗಳಲು ಅವಳಿಗೆ ಯಾರ ಹಂಗಿಲ್ಲ, ತೆಗಳಲೂ ಹಂಗಿಲ್ಲ. "ಅಕ್ಕಿ ತಗೊ, ಬೇಳೆ ತಗೊ, ಕಣ್ಣು ಮುಚ್ಚಿ ತಗೊ. ಆ ಬಿಸ್ಕತ್ತು ಮಾತ್ರ ಬೇಡ ಕಣಮ್ಮ, ಚಹಾದಲ್ಲಿ ಅದ್ದಿದ್ರೆ ಮುಳುಗಿ ಸಾಯುತ್ತೆ."

ಮ್ಯಾನೇಜರು ಹಣೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕ, ಅದನ್ನೂ ನಾವೇ ಮಾರಬೇಕು."

"ಮಾರಪ್ಪ. ಕೇಳಿದವರಿಗೆ ನಾನು ಹೇಳ್ತೀನಿ, ಕೇಳದೇ ಇದ್ದವರಿಗೆ ನೀನು ಮಾರು."

ಗೊಣಗಿದರೂ ಅವನಿಗೆ ಗೊತ್ತಿತ್ತು: ಬಿಸ್ಕತ್ತು ಬೇಡ ಎಂದ ಬಾಯಿ ಅಕ್ಕಿ ಒಳ್ಳೆಯದು ಎಂದರೆ ಜನ ನಂಬುತ್ತಾರೆ.

ಹಿಡಿಯಕ್ಕನ ಗಂಡ ಸ್ಕೂಟರ್ ರಿಪೇರಿಯವನು. ಯಾವ ಗಿರಾಕಿಯ ಬಾಯಿಗೂ ಹೆದರದ ಮನುಷ್ಯ ಹೆದರುತ್ತಿದ್ದದ್ದು ತನ್ನ ಅಕ್ಕನೊಬ್ಬಳಿಗೇ. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ದೊಡ್ಡಂಗಡಿಯದಲ್ಲದೆ ಬೇರೆ ಕಡೆಯ ಸಾಮಾನು ಮುಟ್ಟದವಳು. ಒಮ್ಮೆ, ಭಾನುವಾರ ಊಟಕ್ಕೆ ಬರುತ್ತೇನೆಂದು ಫೋನ್ ಮಾಡಿ, ಮಾತಿಗೊಂದು ಬಾಲ ಸೇರಿಸಿದಳು: "ನಿನ್ನ ಹೆಂಡತಿ ಆ ಅಗ್ಗದಂಗಡಿ ಕಸ ಬೇಯಿಸೋದಾದ್ರೆ ಮೊದಲೇ ಹೇಳು, ಮನೇಲೇ ತಿಂದು ಬರ್ತೀನಿ."

ಅವಳ ಗಂಟಲಿಗೆ ಫೋನೇ ಬೇಕಿರಲಿಲ್ಲ. ಪಕ್ಕದಲ್ಲಿದ್ದ ಹಿಡಿಯಕ್ಕನಿಗೆ ಎಲ್ಲವೂ ಕೇಳಿಸಿತು.

"ಅತ್ತಿಗೆಗೆ ಹೇಳಿ, ಹಸಿದುಕೊಂಡೇ ಬರಲಿ," ಎಂದಳು. "ನಾನು ನೋಡಿ ಇಟ್ಟ ಅಕ್ಕಿಯಲ್ಲೇ ಅನ್ನ ಮಾಡ್ತೀನಿ. ಅದರಲ್ಲಿ ಒಂದು ಕಲ್ಲು ಸಿಕ್ಕರೂ ಇನ್ನು ಮೇಲೆ ಜನಕ್ಕೆ ಚೀಲ ಬಿಚ್ಚಿ ತೋರಿಸೋ ಕೆಲಸ ಬಿಟ್ಟೆ ಅಂತ ತಿಳ್ಕೊಳ್ಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದೇ ಸಂಜೆ ಅಂಗಡಿಯಿಂದ ಒಂದು ಚೀಲ ಅಕ್ಕಿ ತಂದು ಅಡುಗೆಮನೆಯ ಮೂಲೆಗಿಟ್ಟಳು.

ಗಂಡ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತಾದ. ಅಗ್ಗದ ಮಾಲನ್ನು ದುಬಾರಿ ಡಬ್ಬಿಗೆ ತುಂಬಿ ಮೆರೆಯುವವರನ್ನು ಲೋಕ ಕಂಡಿದೆ. ಈ ಪುಣ್ಯಾತ್ಮ ಅದನ್ನೇ ತಿರುಗುಮುರುಗು ಮಾಡಿದ. ಹೆಂಡತಿ ಕೆಲಸಕ್ಕೆ ಹೋದಾಗ ದೊಡ್ಡಂಗಡಿಯ ದುಬಾರಿ ಅಕ್ಕಿ ತಂದು ಅಗ್ಗದಂಗಡಿಯ ಚೀಲಕ್ಕೆ ಸುರಿದ. ಸ್ಕೂಟರ್ ಸೀಟು ಹೊಲಿಯುವ ಸೂಜಿಯಿಂದ, ಮೊದಲಿನ ತೂತುಗಳಲ್ಲೇ ದಾರ ಪೋಣಿಸಿ ಬಾಯಿ ಮುಚ್ಚಿದ. ಚೀಲದಲ್ಲಿ ಮೊದಲಿದ್ದ ಅಕ್ಕಿಯನ್ನು ಒಯ್ದು ತನ್ನ ರಿಪೇರಿ ಅಂಗಡಿಯ ಹಳೆ ಟೈರುಗಳ ಹಿಂದೆ ಬಚ್ಚಿಟ್ಟ. ಅಕ್ಕ ಹೊಗಳಿದರೆ ಹೆಂಡತಿ ಗೆದ್ದಂತೆ, ಹೆಂಡತಿ ಗೆದ್ದರೆ ಮನೆ ತಣ್ಣಗೆ ಎಂಬುದು ಅವನ ಎಣಿಕೆ. ಎಂಜಿನ್ನಿನ ಕೂದಲೆಳೆ ಬಿರುಕು ಕಾಣುವ ಕಣ್ಣಿಗೆ, ಸುರಿಯುತ್ತಿರುವ ಅಕ್ಕಿಯಲ್ಲಿ ಏನಿದೆಯೆಂದು ನೋಡುವ ಬುದ್ಧಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹಿಡಿಯಕ್ಕ ದಾರ ಎಳೆದು, ರೂಢಿಯಂತೆ ಒಂದು ಹಿಡಿ ತೆಗೆದಳು. ಅಕ್ಕಿ ಬೆರಳ ಸಂದಿಯಿಂದ ಉದುರದೆ, ಎಳೆಗೆ ಅಂಟಿ ಗೊಂಚಲಾಗಿ ನೇತಾಡಿತು. ಒಳಗೆಲ್ಲ ಬಲೆ. ಕಪ್ಪು ಹುಳುವೊಂದು ಹೊರಬಿದ್ದು ಅವಳ ಹೆಬ್ಬೆರಳ ಮೇಲೆ ನಡೆಯಿತು.

ಈ ಸರಕನ್ನು ಅವಳೇ ನೋಡಿದ್ದಳು, ಮೂಸಿದ್ದಳು, ಅಗಿದಿದ್ದಳು. ಅತ್ತಿಗೆಯ ಮಾತು ಹಾಳಾಗಲಿ. ಕಣ್ಣು ಮುಚ್ಚಿ ತಗೊ ಎಂದು ಎಷ್ಟು ಮನೆಗೆ ಇದನ್ನು ಕಳಿಸಿದೆನೋ ಎಂಬುದು ಎದೆಗೆ ಬಡಿಯಿತು. ಒಲೆ ಆರಿಸಿ, ಚೀಲವನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟಳು. ಗಂಡ ಸ್ನಾನ ಮಾಡುತ್ತಿದ್ದ.

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಿಡಿಯಕ್ಕ ನೇರ ಹೋಗಿ ಅಕ್ಕಿ ಚೀಲಗಳನ್ನು ಒಂದೊಂದಾಗಿ ನೆಲಕ್ಕಿಳಿಸತೊಡಗಿದಳು. "ಇದನ್ನ ಯಾರೂ ತಗೋಬೇಡಿ. ನನ್ನ ಕಣ್ಣು ತಪ್ಪಿದೆ."

ಮ್ಯಾನೇಜರು ಓಡಿ ಬಂದ. "ಅಕ್ಕ, ನಿನ್ನ ರಜೆ ದಿನವೂ ನನ್ನ ಪ್ರಾಣ ತಿನ್ನಬೇಕಾ?" ಅವಳು ಹುಳು ತೋರಿಸಿದಳು. ಅವನ ದನಿ ಇಳಿಯಿತು. "ಒಳಗೆ ಗೋಡೌನಲ್ಲಿ ನೋಡೋಣ. ಜನರ ಮುಂದೆ ಬೇಡ."

"ಜನರ ಮುಂದೆ ಒಳ್ಳೇದು ಅಂದೋಳು ನಾನು. ಜನರ ಮುಂದೇ ಬಿಚ್ಚು."

ಒಂದು ಬಿಚ್ಚಿದರು, ಇನ್ನೊಂದು ಬಿಚ್ಚಿದರು, ಮತ್ತೊಂದು. ಅಕ್ಕಿ ಅಂಗೈಯಿಂದ ಸರಸರ ಜಾರಿತು. ಕೊಳ್ಳಲು ಬಂದವರೂ ಕೈಹಾಕಿದರು. ಒಬ್ಬ ಅಜ್ಜಿ ನಾಲ್ಕು ಕಾಳು ಅಗಿದು, "ಹುಳ ಎಲ್ಲಮ್ಮ? ಕನ್ನಡಕ ಬೇರೆ ಮನೇಲಿ ಬಿಟ್ಟು ಬಂದೆ," ಎಂದಳು. ಎಲ್ಲರೂ ನಕ್ಕರು. ಹಿಡಿಯಕ್ಕ ನಗಲಿಲ್ಲ. ಅಂಗಡಿಯದೆಲ್ಲ ಚೆನ್ನಾಗಿದ್ದು ತಾನು ಒಯ್ದದ್ದೊಂದೇ ಕೆಟ್ಟಿದ್ದು ಹೇಗೆಂದು ಅವಳಿಗೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಮನೆಯಲ್ಲಿ ಹೆಂಡತಿಯೂ ಚೀಲವೂ ಕಾಣದೆ ಹೊರಟು, ತಲೆಯಿಂದ ನೀರಿಳಿಯುತ್ತ, ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡ ಗಂಡ ಒಳಬಂದು, ಬಿದ್ದ ಚೀಲಗಳನ್ನೂ ನೆರೆದ ಜನರನ್ನೂ ನೋಡಿದ. ಸುಮ್ಮನಿದ್ದರೆ ಅವನ ಮಾನ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು.

"ಅದು ಈ ಅಂಗಡಿ ಅಕ್ಕಿ ಅಲ್ಲ ಕಣೇ," ಅಂದ. "ದೊಡ್ಡಂಗಡೀದು. ನಾನೇ ತಂದು ತುಂಬಿದೆ."

"ಯಾಕೆ?"

"ಅಕ್ಕ ಬರ್ತಾಳಲ್ಲ."

"ನನ್ನ ಅಕ್ಕಿ ಎಲ್ಲಿ?"

"ಟೈರ್ ಹಿಂದೆ."

"ಅಯ್ಯೋ, ಪಂಕ್ಚರ್ ಹಾಕಿಸ್ಕೊಂಡು ತಿನ್ನಿ," ಎಂದಳು ಅಜ್ಜಿ.

ಹಿಡಿಯಕ್ಕ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲು ಮನೆಯಿದೆ. ಜನರ ಕಡೆ ತಿರುಗಿದಳು. "ಕೇಳಿಸಿಕೊಂಡ್ರಲ್ಲ? ಅವರ ಅಕ್ಕಿ ಬೆಳೆದದ್ದೂ ಗದ್ದೇಲೇ, ಅದನ್ನ ಬೈಯಲ್ಲ ನಾನು. ಬೆಲೆ ಜಾಸ್ತಿ, ಬೇಗ ಹೋಗಲ್ಲ, ಕೂತಲ್ಲೇ ಕೂತು ಹುಳ ಹಿಡಿದಿದೆ. ಇಲ್ಲಿ ನೀವು ಕೂರೋಕೆ ಬಿಟ್ಟರೆ ತಾನೆ? ಹರಿಯೋ ನೀರಿಗೆ ಪಾಚಿ ಕಟ್ಟಲ್ಲ. ಬಿಚ್ಚಿದ ಚೀಲ ಬೇಕಾದವರು ತಗೊಳ್ಳಿ, ನಾನೇ ಹೊಲಿದು ಕೊಡ್ತೀನಿ."

ಬಿಚ್ಚಿದ್ದರಲ್ಲಿ ಒಂದೂ ಉಳಿಯಲಿಲ್ಲ. ಗಂಡನೇ ಕೂತು ಹೊಲಿದ.

ಮಧ್ಯಾಹ್ನ ಟೈರಿನ ಹಿಂದಿದ್ದ ಅಕ್ಕಿಯೇ ಬೆಂದಿತು. ರಬ್ಬರಿನ ವಾಸನೆ ಇರಬಾರದೆಂದು ನೀರು ಬದಲಿಸಿ ಬದಲಿಸಿ ತೊಳೆದಿದ್ದಳು. ಅತ್ತಿಗೆ ತಟ್ಟೆಯ ಅನ್ನವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕಿದಳು. ಸಿಕ್ಕಿದ್ದು ಅನ್ನವೇ. ಮತ್ತೆ ಬಡಿಸಿಕೊಂಡು ತಮ್ಮನತ್ತ ತಿರುಗಿದಳು. "ಅನ್ನ ಉದುರುದುರಾಗಿದೆ. ನಾನು ತಗೊಳ್ಳೋ ಅಂಗಡೀಲೇ ತಂದೆ ತಾನೆ? ನಿಜ ಹೇಳು."

ಅವನು ಬೆನ್ನು ನೆಟ್ಟಗೆ ಮಾಡಿ ಕೂತ. "ತಂದಿದ್ದೆ ಅಕ್ಕ. ಹುಳ ಇತ್ತು. ನಿನ್ನ ತಟ್ಟೇಲಿರೋದು ನನ್ನ ಹೆಂಡತಿ ನೋಡಿ ಇಟ್ಟ ಅಕ್ಕಿ. ಈ ಮನೆಗೆ ಇನ್ನು ಅದೇ ಬರೋದು, ನೀನು ಬಂದಾಗಲೂ."

ತಮ್ಮ ಈ ದನಿಯಲ್ಲಿ ಎಂದೂ ಮಾತಾಡಿದವನಲ್ಲ. ಅತ್ತಿಗೆಯ ಕೈಯ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ಹಿಡಿಯಕ್ಕ ಸೌಟು ಹಿಡಿದು ಕಾದಳು. ಕೊನೆಗೆ ತುತ್ತು ಬಾಯಿಗೇ ಹೋಯಿತು.

"ಹೋದ ತಿಂಗಳು ನಮ್ಮನೇ ಅಕ್ಕೀಲೂ ಹುಳ ಬಂದಿತ್ತು," ಎಂದಳು ಅಗಿಯುತ್ತ. "ನಾಚಿಕೆ ಆಗಿ ಯಾರಿಗೂ ಹೇಳದೆ ಬಿಸಿಲಿಗೆ ಹಾಕಿದೆ."

"ನಾಚಿಕೆ ಯಾಕೆ ಅತ್ತಿಗೆ, ಹುಳ ನೀವು ಸಾಕಿದ್ದಾ?" ಎಂದು ಹಿಡಿಯಕ್ಕ ಇನ್ನೊಂದು ಸೌಟು ಅನ್ನ ಹಾಕಿದಳು. ಈ ಸಲ ಅತ್ತಿಗೆ ಅದನ್ನು ಬಿಡಿಸಿ ನೋಡಲಿಲ್ಲ.